ಗಣಕಯಂತ್ರದ ಪರದೆಯ ಮೇಲಿನ ನಕಾಶೆ: ನೋಡುವುದು ಹೇಗೆ, ನಂಬುವುದು ಎಷ್ಟು?



ಕಬ್ಬಿನ ನೋಂದಣಿಯ ದಿನಗಳಲ್ಲಿ ನಮ್ಮ ವಿಭಾಗ ಕಚೇರಿಗಳಿಗೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಕ್ಷೇತ್ರದ ಬಗ್ಗೆಯೇ ಇರುತ್ತವೆ. "ಸಾಹೇಬ್ರ, ನಂದು ಎರಡು ಎಕರೆ ಅದ. ನಿಮ್ಮ ಹುಡುಗ ಫೋನ್ ಹಿಡಕೊಂಡು ಬದುವಿನ ಮ್ಯಾಲೆ ಒಂದು ಸುತ್ತು ಹಾಕಿ ಒಂದು ಎಕರೆ ಮೂವತ್ತು ಗುಂಟೆ ಅಂತ ಬರಕೊಂಡು ಹೋಗ್ಯಾನ" ಎಂಬುದು ಹಳೆಯ ಮಾತು. ಈಚಿನ ವರ್ಷಗಳಲ್ಲಿ ಇದಕ್ಕೊಂದು ಹೊಸ ಬಾಲ ಸೇರಿದೆ. ಮಗನ ಕೈಯಿಂದ ತೆಗೆಸಿದ ನಕಾಶೆಯ ಚಿತ್ರವನ್ನು ಮೇಜಿನ ಮೇಲೆ ಇಟ್ಟು, "ಮ್ಯಾಲಿಂದ ತಗದ ಫೋಟೋ ಸುಳ್ಳು ಹೇಳತದೇನ್ರಿ?" ಎಂದು ಕೇಳುತ್ತಾರೆ.

ಫೋಟೋ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಹೇಳುತ್ತದೆ, ಯಾವುದಕ್ಕೆ ಹೇಳುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು. ಸಾತ್ ಬಾರಾ ಉತಾರೆ ಓದಲು ನಮ್ಮ ಹಿರಿಯರು ಕಲಿತರು. ಹಾಗೆಯೇ ಈ ನಕಾಶೆಯನ್ನು ಓದಲು ಕಲಿಯುವ ಕಾಲ ಬಂದಿದೆ. ಇದಕ್ಕೆ ಇಂಗ್ಲಿಷ್ ಪಾಂಡಿತ್ಯ ಬೇಕಾಗಿಲ್ಲ. ಹತ್ತಿಪ್ಪತ್ತು ಶಬ್ದಗಳ ಗುರುತು ಸಿಕ್ಕರೆ ಸಾಕು, ಉಳಿದದ್ದು ನಿಧಾನ ಮತ್ತು ತಾಳ್ಮೆಯ ಕೆಲಸ.

ಎಲ್ಲಿಂದ ಪ್ರಾರಂಭಿಸಬೇಕು?

ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋಗೆ ಸೇರಿದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಹೈದರಾಬಾದಿನಲ್ಲಿದೆ. ಅವರು 2009ರ ಆಗಸ್ಟ್ 12ರಂದು 'ಭುವನ್' ಎಂಬ ಅಂತರ್ಜಾಲ ತಾಣವನ್ನು ತೆರೆದರು. ನಮ್ಮವೇ ಉಪಗ್ರಹಗಳು ತೆಗೆದ ಚಿತ್ರಗಳು, ಅವುಗಳಿಂದ ಸಿದ್ಧವಾದ ನಕಾಶೆಗಳು ಅಲ್ಲಿ ಎಲ್ಲರ ನೋಟಕ್ಕೂ ಇವೆ. ಹುಡುಕುವ ಜಾಗದಲ್ಲಿ ಬಿ, ಎಚ್, ಯು, ವಿ, ಎ, ಎನ್ ಎಂಬ ಆರು ಅಕ್ಷರಗಳನ್ನು ಒತ್ತಿ, ಮುಂದೆ ಎನ್, ಆರ್, ಎಸ್, ಸಿ ಸೇರಿಸಿದರೆ ತಾಣ ಸಿಗುತ್ತದೆ. ಹಣ ಕೊಡಬೇಕಾಗಿಲ್ಲ. ಯಾರಾದರೂ ಹಣ ಕೇಳಿದರೆ ಅದು ಬೇರೆ ಯಾರದೋ ಅಂಗಡಿ ಎಂದು ತಿಳಿಯಿರಿ.

ಈ ತಾಣದ ಒಂದು ಭಾಗಕ್ಕೆ 'ಸ್ಕೂಲ್ ಭುವನ್' ಎಂದು ಹೆಸರು. ಎನ್.ಸಿ.ಇ.ಆರ್.ಟಿ. ಸಂಸ್ಥೆಯ ಜೊತೆಗೂಡಿ, ಶಾಲೆಯ ಭೂಗೋಳ ಪಾಠಗಳಿಗೆ ಹೊಂದಿಕೆಯಾಗುವಂತೆ ಇದನ್ನು ರಚಿಸಿದ್ದಾರೆ. ದೊಡ್ಡವರು ಮಕ್ಕಳ ಪುಟ ನೋಡುವುದೇ ಎಂದು ಸಂಕೋಚಪಡಬೇಡಿರಿ. ನನ್ನ ಅಭಿಪ್ರಾಯದಲ್ಲಿ ರೈತನಿಗೆ ಇದೇ ಸರಿಯಾದ ಬಾಗಿಲು. ದೊಡ್ಡ ತಾಣದಲ್ಲಿ ಒಮ್ಮೆಲೇ ನೂರಾರು ಹೆಸರುಗಳು ಕಣ್ಣಿಗೆ ಬಿದ್ದು ತಲೆ ಗಿರ್ರೆನ್ನುತ್ತದೆ. ಮಕ್ಕಳ ಪುಟದಲ್ಲಿ ನದಿ, ಮಣ್ಣು, ಭೂಮಿಯ ಬಳಕೆ ಮುಂತಾದವನ್ನು ಪಾಠದಂತೆ ಒಂದೊಂದಾಗಿ ನೋಡಬಹುದು. ಮನೆಯಲ್ಲಿ ಏಳೆಂಟನೆಯ ಇಯತ್ತೆಯ ಹುಡುಗ ಅಥವಾ ಹುಡುಗಿ ಇದ್ದರೆ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಅವರಿಗೆ ಗುಂಡಿಗಳು ಗೊತ್ತು, ನಿಮಗೆ ಹೊಲ ಗೊತ್ತು. ಫೋನಿನ ಚಿಕ್ಕ ಪರದೆಗಿಂತ ಗಣಕಯಂತ್ರದ ದೊಡ್ಡ ಪರದೆ ಈ ಕೆಲಸಕ್ಕೆ ಮೇಲು. ಚಿತ್ರಗಳು ಭಾರವಾದವು, ಇಂಟರ್‌ನೆಟ್ ನಿಧಾನವಾಗಿದ್ದರೆ ತುಂಡುತುಂಡಾಗಿ ಮೂಡುತ್ತವೆ. ಪರದೆ ಬೆಳ್ಳಗೆ ಕಂಡೊಡನೆ ಪುನಃ ಪುನಃ ಒತ್ತದೆ ಸ್ವಲ್ಪ ಹೊತ್ತು ಕಾಯಿರಿ. ಕಾಲಕಾಲಕ್ಕೆ ತಾಣದ ರೂಪ ಬದಲಾಗಿ ಗುಂಡಿಗಳು ಅತ್ತಿತ್ತ ಸರಿಯುವುದುಂಟು, ಆದರೆ ಕೆಲಸದ ರೀತಿ ಒಂದೇ.

ದೇಶದಿಂದ ಹೊಲಕ್ಕೆ

ತಾಣ ತೆರೆದ ಕೂಡಲೇ ನಮ್ಮೂರ ಹೆಸರು ಹಾಕಿ ಧುಮುಕುವುದು ಎಲ್ಲರೂ ಮಾಡುವ ಕೆಲಸ. ಅದನ್ನು ಮಾಡಬೇಡಿರಿ. ಮೊದಲು ದೇಶದ ನಕಾಶೆಯನ್ನೇ ಪರದೆಯ ಮೇಲೆ ಇಟ್ಟುಕೊಳ್ಳಿರಿ. ಮೌಸಿನ ಚಕ್ರ ತಿರುಗಿಸಿದರೆ ಅಥವಾ ಕೂಡಿಸುವ ಚಿಹ್ನೆ ಒತ್ತಿದರೆ ನಕಾಶೆ ಹತ್ತಿರ ಬರುತ್ತದೆ, ಕಳೆಯುವ ಚಿಹ್ನೆ ಒತ್ತಿದರೆ ದೂರ ಹೋಗುತ್ತದೆ. ಗುಂಡಿಯನ್ನು ಒತ್ತಿ ಹಿಡಿದು ಎಳೆದರೆ ಚಾಪೆ ಸರಿಸಿದಂತೆ ಸರಿಯುತ್ತದೆ. ಈ ಮೂರು ಬಂದರೆ ಅರ್ಧ ವಿದ್ಯೆ ಬಂದಂತೆ.

ಈಗ ಭೀಮಾ ನದಿಯನ್ನು ಹಿಡಿಯಿರಿ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಉಜನಿ ಧರಣದಲ್ಲಿ ನಿಂತು, ಪಂಢರಪುರ ದಾಟಿ, ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಸಿಕೊಂಡು, ಅಕ್ಕಲಕೋಟ ತಾಲೂಕಿನ ಅಂಚಿನಲ್ಲಿ ಎರಡು ರಾಜ್ಯಗಳಿಗೆ ಎಲ್ಲೆಯಾಗಿ ಹರಿದು, ಕಲಬುರಗಿ ಜಿಲ್ಲೆಯನ್ನು ಹಾಯ್ದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುವವರೆಗೆ ಬೆರಳಿನಿಂದ ತೋರಿಸುತ್ತ ಹೋಗಿರಿ. ಬಳಿಕ ಹಿಂದಕ್ಕೆ ಬಂದು ಬೋರಿ ನದಿಯನ್ನು ಹುಡುಕಿರಿ. ಅದರ ಮೇಲಿನ ಕುರನೂರ ಕೆರೆ ನೀಲಿಯಾಗಿ ಎದ್ದು ಕಾಣುತ್ತದೆ. ಅಲ್ಲಿಂದ ನಿಮ್ಮೂರ ಹಳ್ಳವನ್ನು ಹಿಡಿದರೆ ನಿಮ್ಮ ಹೊಲದ ನೀರು ಯಾವ ಹಳ್ಳಕ್ಕೆ, ಆ ಹಳ್ಳ ಯಾವ ನದಿಗೆ ಎಂಬುದು ಕಣ್ಣೆದುರಿಗೆ ನಿಲ್ಲುತ್ತದೆ. ಊರಿನ ಹೆಸರಿನಿಂದ ಹುಡುಕಿದವನಿಗೆ ಊರು ಮಾತ್ರ ಸಿಗುತ್ತದೆ, ನೀರಿನ ದಾರಿ ಹಿಡಿದು ಬಂದವನಿಗೆ ಊರಿನ ಸುತ್ತಲಿನ ಏರು ಇಳಿವುಗಳೂ ತಿಳಿಯುತ್ತವೆ. ಎರಡು ಹಳ್ಳಗಳ ನಡುವಿನ ದಿಣ್ಣೆ ಎಲ್ಲಿದೆ, ದಿಣ್ಣೆಯ ಮೇಲೆ ಮುರುಮಿನ ತಿಳಿಬಣ್ಣ ಹೇಗಿದೆ, ಹಳ್ಳದ ಬದಿಗೆ ಎರೆಮಣ್ಣು ಹೇಗೆ ಕಪ್ಪಾಗುತ್ತ ಹೋಗಿದೆ ಎಂಬುದನ್ನು ಬೇಸಿಗೆಯ ಚಿತ್ರದಲ್ಲಿ ಚೆನ್ನಾಗಿ ನೋಡಬಹುದು.

ಹೆಸರಿನಿಂದಲೇ ಹುಡುಕುವುದಾದರೆ ಎರಡು ಎಚ್ಚರಿಕೆ. ಕರಜಗಿ ಎಂದು ಹಾಕಿದರೆ ನಮ್ಮ ಅಕ್ಕಲಕೋಟ ತಾಲೂಕಿನ ಕರಜಗಿಯೂ ಉಂಟು, ಹಾವೇರಿ ಜಿಲ್ಲೆಯ ಕರಜಗಿಯೂ ಉಂಟು. ಆದಕಾರಣ ರಾಜ್ಯ, ಜಿಲ್ಲೆ, ತಾಲೂಕಾ ನೋಡದೆ ಮುಂದೆ ಹೋಗಕೂಡದು. ಇನ್ನು ಇಂಗ್ಲಿಷಿನಲ್ಲಿ ಒಂದೇ ಊರನ್ನು ಮೂರು ರೀತಿ ಬರೆಯುತ್ತಾರೆ. ಒಂದು ರೀತಿ ಸಿಗದಿದ್ದರೆ ಮರಾಠಿ ಉಚ್ಚಾರಕ್ಕೆ ಹತ್ತಿರವಾಗಿ ಬರೆದು ನೋಡಿರಿ. ಕಲಬುರಗಿ, ವಿಜಯಪುರ ಎಂಬ ಹೆಸರುಗಳು ಸರಕಾರದ ಕಡತಕ್ಕೆ ಬಂದದ್ದು 2014ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಸಿದ್ಧವಾದ ನಕಾಶೆಗಳಲ್ಲಿ ಗುಲಬರ್ಗಾ, ಬಿಜಾಪುರ ಎಂದೇ ಇರುವುದು ಸಹಜ.

ಪದರುಗಳು ಮತ್ತು ಬಣ್ಣದ ಗುರುತು

ಗೋಡೆಯ ಮೇಲಿನ ನಕಾಶೆಗೂ ಈ ನಕಾಶೆಗೂ ಮುಖ್ಯ ವ್ಯತ್ಯಾಸ ಪದರುಗಳದು. ಪಾರದರ್ಶಕ ಟ್ರೇಸಿಂಗ್ ಕಾಗದದ ಮೇಲೆ ಒಂದರಲ್ಲಿ ನದಿ, ಒಂದರಲ್ಲಿ ರಸ್ತೆ, ಒಂದರಲ್ಲಿ ಮಣ್ಣು ಬರೆದು ಒಂದರ ಮೇಲೊಂದು ಇಟ್ಟಿದ್ದಾರೆಂದು ಭಾವಿಸಿರಿ. ಬೇಕಾದ ಹಾಳೆ ಹಾಕಬಹುದು, ಬೇಡವಾದದ್ದನ್ನು ತೆಗೆಯಬಹುದು. ಪರದೆಯ ಬದಿಯಲ್ಲಿ 'ಲೇಯರ್ಸ್' ಎಂಬ ಪಟ್ಟಿ ಇರುತ್ತದೆ, ಹೆಸರಿನ ಮುಂದಿನ ಚೌಕದಲ್ಲಿ ಗುರುತು ಹಾಕಿದರೆ ಆ ಹಾಳೆ ಬಂದು ಕೂರುತ್ತದೆ. ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹಾಕಬೇಡಿರಿ, ಎಲ್ಲವೂ ಕೂಡಿ ಸಂತೆಯಾಗುತ್ತದೆ.

ಪ್ರತಿ ಪದರಿಗೂ 'ಲೆಜೆಂಡ್' ಎಂಬ ಬಣ್ಣದ ಪಟ್ಟಿ ಇರುತ್ತದೆ. ಅದನ್ನು ತೆರೆಯದೆ ಬಣ್ಣದ ಅರ್ಥ ಊಹಿಸುವುದು ಅಪಾಯ. ಕೆಲವು ಉಪಗ್ರಹ ಚಿತ್ರಗಳಲ್ಲಿ ಕಬ್ಬಿನ ಪಡ ಹಸಿರಾಗಿ ಕಾಣದೆ ಕೆಂಪಗೆ ಕಾಣುತ್ತದೆ. ಹೆದರಬೇಕಾದ ಕಾರಣವಿಲ್ಲ, ಬೆಂಕಿ ರೋಗವೂ ಅಲ್ಲ. ಹಸಿರೆಲೆಗಳು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಬಹಳವಾಗಿ ಹಿಂದಕ್ಕೆ ಎಸೆಯುತ್ತವೆ. ಉಪಗ್ರಹದ ಕ್ಯಾಮೆರಾ ಅದನ್ನು ಹಿಡಿಯುತ್ತದೆ, ನಕಾಶೆ ಮಾಡುವವರು ಅದಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಆದ್ದರಿಂದ ಅಲ್ಲಿ ಗಾಢ ಕೆಂಪು ಎಂದರೆ ತುಂಬಿದ ಆರೋಗ್ಯವಂತ ಬೆಳೆ. ಏಪ್ರಿಲ್ ತಿಂಗಳ ಚಿತ್ರ ಸಿಕ್ಕರೆ ಬಹಳ ಉಪಯೋಗ. ಹಿಂಗಾರಿ ಜೋಳ ಕೊಯ್ದು ಹೊಲಗಳು ಬೋಳಾಗಿರುವಾಗ ಕೆಂಪಾಗಿ ಉಳಿಯುವುದು ನೀರು ಸಿಗುವ ಕಬ್ಬು ಮತ್ತು ತೋಟಗಳು ಮಾತ್ರ. ಊರಿನ ಬೇಸಿಗೆಯ ನೀರು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಇಲ್ಲ. ಹೊಸ ಲಾವಣಿಗೆ ಹೊಲ ಆರಿಸುವವರು ಒಂದಕ್ಕಿಂತ ಹೆಚ್ಚು ವರ್ಷಗಳ ಬೇಸಿಗೆ ಚಿತ್ರಗಳನ್ನು ಹೋಲಿಸಿ ನೋಡಿದರೆ, ಬಾವಿಯ ನೀರು ಮೇ ತಿಂಗಳಿಗೆ ಕೈಕೊಡುವ ಪಟ್ಟಿ ಯಾವುದೆಂದು ಅಂದಾಜು ಸಿಗುತ್ತದೆ. ಕಾಲುವೆಯ ಕೆಳಗಿನ ತಗ್ಗಿನಲ್ಲಿ ಬಿಳಿಯ ತೇಪೆಗಳು ಕಂಡರೆ ಚೋಪಣ ಅಂದರೆ ಸವುಳಾಗುತ್ತಿರುವ ಭೂಮಿ ಇರಬಹುದು. ಆದರೆ ಬರಿಯ ಸುಣ್ಣಕಲ್ಲಿನ ನೆಲವೂ ಬಿಳಿಯಾಗಿಯೇ ಕಾಣುತ್ತದೆ. ಸ್ಥಳಕ್ಕೆ ಹೋಗಿ ಮಣ್ಣಿನ ಪರೀಕ್ಷೆ ಮಾಡಿಸದೆ ತೀರ್ಮಾನಿಸುವಂತಿಲ್ಲ.

ಚಿತ್ರದ ತಾರೀಖು ನೋಡುವುದನ್ನು ಮರೆಯಬೇಡಿರಿ. ಪರದೆಯ ಮೇಲೆ ಕಾಣುವುದು ಇವತ್ತಿನ ನಿಮ್ಮ ಹೊಲವಲ್ಲ. ಚಿತ್ರ ಕೆಲವು ವರ್ಷ ಹಳೆಯದಿರಬಹುದು. 'ಭೂಬಳಕೆ' ಎಂಬ ಪದರಿನ ಹೆಸರಿನ ಪಕ್ಕದಲ್ಲೇ 2005-06, 2011-12, 2015-16 ಎಂದು ವರ್ಷ ಇರುತ್ತದೆ. ನೀವು 2018ರಲ್ಲಿ ತೋಡಿಸಿದ ಶೇತತಳೆ ಅದರಲ್ಲಿ ಇಲ್ಲವೆಂದು ಯಾರ ಮೇಲೂ ಸಿಟ್ಟಾಗುವಂತಿಲ್ಲ.

ಹಿಗ್ಗಿಸಿದರೆ ಹೆಚ್ಚು ಕಾಣುವುದೇ?

ಇಲ್ಲಿಯೇ ಬಹಳ ಜನ ಎಡವುವುದು. ನಕಾಶೆಯನ್ನು ಎಷ್ಟು ಬೇಕಾದರೂ ಹತ್ತಿರ ತರಬಹುದು, ಆದರೆ ಅದರೊಳಗಿನ ಮಾಹಿತಿ ಅದರಿಂದ ಹೆಚ್ಚುವುದಿಲ್ಲ. ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನವನ ಮುಖವನ್ನು ಗೋಡೆಯಷ್ಟು ದೊಡ್ಡದು ಮಾಡಿದರೂ ಅವನ ಹುಬ್ಬಿನ ಕೂದಲು ಎಣಿಸಲಾಗುವುದಿಲ್ಲ.

ಭೂಬಳಕೆಯ ಆ ನಕಾಶೆಗಳು 50,000ಕ್ಕೆ 1ರ ಪ್ರಮಾಣದಲ್ಲಿ ಸಿದ್ಧವಾದವು. ಅಂದರೆ ನಕಾಶೆಯ ಮೇಲಿನ 1 ಸೆಂಟಿಮೀಟರು ನೆಲದ ಮೇಲೆ 500 ಮೀಟರು, 1 ಮಿಲಿಮೀಟರು ಎಂದರೆ 50 ಮೀಟರು. ಚೌಕಾಕಾರದ ಒಂದು ಎಕರೆಯ ಒಂದು ಬದಿ ಸುಮಾರು 64 ಮೀಟರು. ಆದ್ದರಿಂದ ನಿಮ್ಮ ಒಂದು ಎಕರೆ ಆ ನಕಾಶೆಯ ಮೇಲೆ ಒಂದು ಕಾಳಿಗಿಂತ ಚಿಕ್ಕದು. ಅಲ್ಲಿ ನಿಮ್ಮ ಎಕರೆಯನ್ನು ಪಡ ಭೂಮಿ ಎಂದು ತೋರಿಸಿದ್ದರೆ, "ಸರಕಾರ ನನ್ನ ಹೊಲವನ್ನು ಪಡ ಮಾಡಿತು" ಎಂದು ಗಾಬರಿಯಾಗಬೇಡಿರಿ. ಆ ನಕಾಶೆ ನಿಮ್ಮ ಎಕರೆಯ ಮಾತನ್ನೇ ಆಡುತ್ತಿಲ್ಲ, ಊರಿನ ಒಟ್ಟು ಸ್ಥಿತಿಯನ್ನು ಹೇಳುತ್ತಿದೆ.

ಎತ್ತರ ತಗ್ಗಿನ ಪದರೂ ಹಾಗೆಯೇ. 2005ರ ಮೇ 5ರಂದು ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ ಎತ್ತರದ ಮಾಹಿತಿಯನ್ನು ಭುವನ್ ತಾಣದಲ್ಲಿ ಸುಮಾರು 30 ಮೀಟರಿನ ಚೌಕಗಳಾಗಿ ಕೊಟ್ಟಿದ್ದಾರೆ. ಒಂದು ಚೌಕವೆಂದರೆ ಹತ್ತಿರ ಹತ್ತಿರ 9 ಗುಂಟೆ, ಅಷ್ಟಕ್ಕೂ ಒಂದೇ ಎತ್ತರ. ಊರಿನ ನೀರು ಯಾವ ಕಡೆಗೆ ಇಳಿಯುತ್ತದೆ, ನಾಲಾಬಂಡಿಂಗ್ ಎಲ್ಲಿ ಒಳ್ಳೆಯದು ಎಂದು ಗ್ರಾಮಸಭೆಯಲ್ಲಿ ಚರ್ಚಿಸಲು ಇದು ಧಾರಾಳ ಸಾಕು. ಹೊಲದೊಳಗೆ ಸಾಲಿನ ಇಳಿಜಾರು ನಿರ್ಧರಿಸಲು ಏನೇನೂ ಸಾಲದು. ಅದಕ್ಕೆ ಡಂಪಿ ಲೆವೆಲ್ ಹಿಡಿದು ನೆಲದ ಮೇಲೆಯೇ ನೋಡಬೇಕು.

ಕ್ಷೇತ್ರ ಅಳೆಯುವುದು

'ಮೆಜರ್' ಎಂಬ ಗುಂಡಿಯಲ್ಲಿ ದೂರ ಮತ್ತು ಕ್ಷೇತ್ರ ಎರಡನ್ನೂ ಅಳೆಯಬಹುದು. ಕ್ಷೇತ್ರ ಆರಿಸಿ, ಹೊಲದ ಮೂಲೆಗಳ ಮೇಲೆ ಒಂದೊಂದೇ ಚುಕ್ಕೆ ಹಾಕುತ್ತ ಬಂದು ಕೊನೆಯ ಮೂಲೆಯಲ್ಲಿ ಎರಡು ಸಲ ಒತ್ತಿದರೆ ಲೆಕ್ಕ ಬರುತ್ತದೆ. ಅದು ಚದರ ಕಿಲೋಮೀಟರಿನಲ್ಲಿದೆಯೋ ಚದರ ಮೀಟರಿನಲ್ಲಿದೆಯೋ ನೋಡಿಕೊಳ್ಳಿರಿ. 0.0081 ಚದರ ಕಿಲೋಮೀಟರು ಎಂದು ಕಂಡರೆ ಏನೂ ಇಲ್ಲವೆಂದು ತಿಳಿಯಬೇಡಿರಿ. ಅದು 8,100 ಚದರ ಮೀಟರು, ಅಂದರೆ 81 ಆರ್, ಅಂದರೆ ಎರಡು ಎಕರೆ. ಒಂದು ಆರ್ ಎಂದರೆ 100 ಚದರ ಮೀಟರು, ಒಂದು ಗುಂಟೆ ಎಂದರೆ 101 ಚದರ ಮೀಟರಿಗೆ ತುಸು ಹೆಚ್ಚು. ಉತಾರೆಯಲ್ಲಿ ಆರ್ ಕಂಡಲ್ಲಿ ಗುಂಟೆ ಎಂದುಕೊಂಡರೂ ಸಣ್ಣ ಹೊಲದಲ್ಲಿ ದೊಡ್ಡ ವ್ಯತ್ಯಾಸ ಬೀಳದು. (ಹಳೆಯ ಮುಂಬಯಿ ಪ್ರಾಂತದ ಮೋಜಣಿಯಲ್ಲಿ 33 ಫೂಟಿನ ಸರಪಳಿ ಇತ್ತು. ಅದರ ಉದ್ದ, ಅದರ ಅಗಲದ ಚೌಕವೇ ನಮ್ಮ ಗುಂಟೆ, 1,089 ಚದರ ಫೂಟು.)

ಮೊದಲನೆಯ ಸಲವೇ ಹೊಲ ಅಳೆಯಬೇಡಿರಿ. ಟೇಪು ಹಿಡಿದು ಅಳೆದ ಒಂದು ಬದುವಿನ ಉದ್ದವನ್ನು ಪರದೆಯ ಮೇಲೆ ಅಳೆದು, ನಿಮ್ಮ ಕೈ ಎಷ್ಟು ಸರಿಯಿದೆ ನೋಡಿರಿ. ಬಳಿಕ ಒಂದೇ ಹೊಲವನ್ನು ಮೂರು ಸಲ ಅಳೆಯಿರಿ. ಮೂರೂ ಸಲ ಬೇರೆ ಬೇರೆ ಅಂಕಿ ಬರುತ್ತದೆ. ಏಕೆಂದರೆ ಚುಕ್ಕೆಯನ್ನು ಬದುವಿನ ಒಳಗೆ ಹಾಕಿದಿರೋ, ನಡುವೆ ಹಾಕಿದಿರೋ, ಹೊರಗೆ ಹಾಕಿದಿರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ತಕರಾರುಗಳ ಬೇರು ಇಲ್ಲಿದೆ. ಚೌಕಾಕಾರದ ಒಂದು ಎಕರೆಯನ್ನು ಅಳೆಯುವಾಗ ನಾಲ್ಕೂ ಕಡೆ ಒಂದೊಂದೇ ಮೀಟರು ಹೊರಗೆ ಸರಿದರೆ ಎರಡೂವರೆ ಗುಂಟೆ ಹೆಚ್ಚು ಬರುತ್ತದೆ. ಹತ್ತು ಗುಂಟೆಯ ತುಣುಕಿನಲ್ಲಿ ಅದೇ ಒಂದು ಮೀಟರಿನಿಂದ 1.3 ಗುಂಟೆ ಹೆಚ್ಚಾಗುತ್ತದೆ, ಅಂದರೆ ನೂರಕ್ಕೆ 13 ಪಾಲು. ನಾಲ್ಕು ಎಕರೆಯ ಪಟ್ಟಿಯಲ್ಲಿ ನೂರಕ್ಕೆ ಮೂರೇ ಪಾಲು. ಹೊಲ ಚಿಕ್ಕದಾದಷ್ಟೂ ತಪ್ಪು ದೊಡ್ಡದು. ಬಯಲಿನಲ್ಲಿ ನಿಂತಾಗಲೂ ಸಾಮಾನ್ಯ ಫೋನು ತಾನಿರುವ ಜಾಗವನ್ನು ಸುಮಾರು 5 ಮೀಟರಿನ ಒಳಗೆ ಮಾತ್ರ ಹೇಳಬಲ್ಲದು, ಮರದ ಕೆಳಗೆ, ಎತ್ತರದ ಕಬ್ಬಿನ ಪಕ್ಕದಲ್ಲಿ ಇನ್ನೂ ಕಡಿಮೆ. ಆದಕಾರಣ ನಮ್ಮ ಸಿಬ್ಬಂದಿ ಬದು ಸುತ್ತುವಾಗ ನೀವು ಜೊತೆಗೆ ನಡೆಯಿರಿ, ಮೂಲೆಗಳಲ್ಲಿ ಅವರು ಒಂದು ಗಳಿಗೆ ನಿಂತು ಗುರುತು ಹಾಕುವಂತೆ ನೋಡಿಕೊಳ್ಳಿರಿ. ಹತ್ತಿಪ್ಪತ್ತು ಗುಂಟೆಯ ತುಣುಕುಗಳಿಗೆ ಟೇಪು ಹಿಡಿಯುವಂತೆ ಕೇಳಿರಿ. ಹಾಗೆ ಕೇಳುವುದು ಸಭಾಸದರ ಹಕ್ಕು ಎಂದೇ ನಾನು ತಿಳಿದಿದ್ದೇನೆ.

ಇನ್ನೊಂದು ಮಾತು. ಉತಾರೆಯಲ್ಲಿ ಬರೆದದ್ದು ಭೂಮಿಯ ಕ್ಷೇತ್ರ. ಅದರಲ್ಲಿ ಬದು, ಬಾವಿ, ದಾರಿ, ಪೋಟ್ ಖರಾಬಾ ಎಲ್ಲವೂ ಸೇರಿದೆ. ಕಾರ್ಖಾನೆಗೆ ಬೇಕಾದದ್ದು ಕಬ್ಬು ನಿಂತ ಕ್ಷೇತ್ರ ಮಾತ್ರ. ಎರಡು ಎಕರೆ ಉತಾರೆಯಲ್ಲಿ ಕಬ್ಬು ಒಂದು ಎಕರೆ ಮೂವತ್ತು ಗುಂಟೆ ಇದ್ದರೆ ಎರಡೂ ಅಂಕಿಗಳು ಸತ್ಯವೇ. ಪರದೆಯ ಮೇಲೆ ಹೊರಗಿನ ಬದುವಿನಿಂದ ಒಮ್ಮೆ, ಕಬ್ಬಿನ ಅಂಚಿನಿಂದ ಒಮ್ಮೆ ಅಳೆದು ನೋಡಿದರೆ ಈ ವ್ಯತ್ಯಾಸ ಯಾರಾದರೂ ಹೇಳದೆಯೇ ತಿಳಿಯುತ್ತದೆ.

ಅಕ್ಷಾಂಶ ರೇಖಾಂಶ

ಒಂದು ಜಾಗದ ವಿಳಾಸವನ್ನು ಎರಡು ಅಂಕಿಗಳಲ್ಲಿ ಹೇಳುವ ಪದ್ಧತಿ ಇದು. ಅಕ್ಕಲಕೋಟ ಊರು ಸುಮಾರು ಉತ್ತರ ಅಕ್ಷಾಂಶ 17.5, ಪೂರ್ವ ರೇಖಾಂಶ 76.2ರಲ್ಲಿದೆ. ಮೊದಲು ಯಾವ ಅಂಕಿ ಕೇಳುತ್ತಾರೆ ಎಂದು ನೋಡಿ ಹಾಕಿರಿ. ಇವೆರಡನ್ನು ಅದಲುಬದಲು ಮಾಡಿದರೆ ನಕಾಶೆ ನಿಮ್ಮನ್ನು ನಾರ್ವೆ ದೇಶದ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ಹಿಮದ ಸಮುದ್ರಕ್ಕೆ ಒಯ್ದು ಬಿಡುತ್ತದೆ. ಅಲ್ಲಿ ಕಬ್ಬು ಬೆಳೆಯುವುದಿಲ್ಲ. 17 ಅಂಶ 30 ಕಲೆ ಎಂದು ಬರೆದಿದ್ದರೆ ಅದು 17.5, 17.30 ಅಲ್ಲ. ಈ ಒಂದು ತಪ್ಪಿನಿಂದ 22 ಕಿಲೋಮೀಟರು ದಕ್ಷಿಣಕ್ಕೆ ಜಾರುತ್ತೀರಿ. ಚುಕ್ಕೆಯ ಮುಂದೆ ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರಿನಷ್ಟು ಸಂಶಯ ಉಳಿಯುತ್ತದೆ, ನಾಲ್ಕು ಬರೆದರೆ ಸುಮಾರು 11 ಮೀಟರು, ಐದು ಬರೆದರೆ ಒಂದು ಮೀಟರಿಗೆ ಬರುತ್ತದೆ. ಬೆಂಕಿ ಬಿದ್ದ ಕಬ್ಬಿನ ಸುದ್ದಿ ಕೊಡುವಾಗ, ಕೊಯ್ಲಿನ ತಂಡಕ್ಕೆ ಹೊಲದ ದಾರಿ ಹೇಳುವಾಗ ಐದೂ ಅಂಕಿಗಳನ್ನು ಕೊಡಿರಿ.

ಬದುವಿನ ಪ್ರಶ್ನೆ

ಕೊನೆಗೆ ಅತ್ಯಂತ ಮಹತ್ವದ ಸಂಗತಿ. ಭುವನ್ ಆಗಲಿ, ಫೋನಿನ ಇತರ ನಕಾಶೆಗಳಾಗಲಿ ಹೊಲದ ಎಲ್ಲೆಯನ್ನು ನಿರ್ಣಯಿಸುವುದಿಲ್ಲ. ಮಹಾರಾಷ್ಟ್ರ ಸರಕಾರದ 'ಮಹಾಭೂನಕಾಶಾ' ಎಂಬ ಬೇರೆ ತಾಣದಲ್ಲಿ ಜಿಲ್ಲೆ, ತಾಲೂಕಾ, ಊರು, ಗಟ್ ನಂಬರು ಆರಿಸಿದರೆ ನಿಮ್ಮ ಗಟ್ಟಿನ ಆಕಾರ ಕಾಣುತ್ತದೆ. ಭೀಮೆಯ ಆಚೆ ದಡದಲ್ಲಿ ಭೂಮಿ ಇರುವ ಸಭಾಸದರಿಗೆ ಕರ್ನಾಟಕ ಸರಕಾರದ 'ದಿಶಾಂಕ್' ಎಂಬ ಫೋನಿನ ಸಾಧನ ಸರ್ವೆ ನಂಬರು ತೋರಿಸುತ್ತದೆ. ಎರಡೂ ಉಪಯುಕ್ತವೇ. ಆದರೆ ಹಳೆಯ ಕಾಗದದ ನಕಾಶೆಗಳನ್ನು ಗಣಕಯಂತ್ರಕ್ಕೆ ಏರಿಸಿ ಉಪಗ್ರಹದ ಚಿತ್ರದ ಮೇಲೆ ಹಾಸಿದಾಗ ಗೆರೆಗಳು ಕೆಲವು ಮೀಟರು ಅತ್ತಿತ್ತ ಕೂರುವುದು ಸಾಮಾನ್ಯ. ಕಾಗದ ಕುಗ್ಗಿರುತ್ತದೆ, ಚಿತ್ರವೂ ತುಸು ಸರಿದಿರುತ್ತದೆ. ಪರದೆಯ ಮೇಲೆ ಕೆಂಪು ಗೆರೆ ನೆರೆಯವನ ಕಬ್ಬಿನೊಳಗೆ ಎರಡು ಸಾಲು ಹೋಗಿದೆಯೆಂದು ಕಲ್ಲು ಕಿತ್ತವರನ್ನು, ಅದರಿಂದ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿದ್ದೇನೆ. ಎರಡು ಸಾಲು ಕಬ್ಬಿನ ಬೆಲೆ ವಕೀಲರ ಒಂದು ತಾರೀಖಿಗೂ ಸಾಲುವುದಿಲ್ಲ. ಎಲ್ಲೆಯ ಸಂಶಯವಿದ್ದರೆ ತಾಲೂಕಿನ ಭೂಮಿ ಅಭಿಲೇಖ ಕಚೇರಿಯಲ್ಲಿ ಮೋಜಣಿಗೆ ಅರ್ಜಿ ಕೊಟ್ಟು, ನೆರೆಯವರಿಗೆ ನೋಟೀಸು ಹೋಗಿ, ಅವರ ಎದುರಿಗೆ ಗುರುತು ಹಾಕಿಸಿಕೊಳ್ಳುವುದೇ ದಾರಿ.

ಕ್ಷೇತ್ರದ ತಕರಾರು ತರುವವರು ಇನ್ನು ಮುಂದೆ ನಕಾಶೆಯ ಚಿತ್ರದ ಜೊತೆಗೆ ಮೂರು ಸಂಗತಿ ಬರೆದು ತಂದರೆ ನಮ್ಮ ಕೆಲಸ ಬೇಗ ಆಗುತ್ತದೆ: ಯಾವ ತಾಣದ ನಕಾಶೆ, ಚಿತ್ರ ಯಾವ ವರ್ಷದ್ದು, ಅಳತೆ ಬದುವಿನಿಂದಲೋ ಕಬ್ಬಿನ ಅಂಚಿನಿಂದಲೋ. ಕುಳೆ ಕಬ್ಬಿನ ನೋಂದಣಿ ಮುಗಿಯುವ ಮೊದಲೇ ಬಂದರೆ ಒಳ್ಳೆಯದು, ಕೊಯ್ಲಿನ ಚೀಟಿ ಬಂದ ಮೇಲೆ ಅಳೆಯಲು ಹೊಲದಲ್ಲಿ ಕಬ್ಬೇ ಇರುವುದಿಲ್ಲ.

— ಕಬ್ಬು ಅಭಿವೃದ್ಧಿ ಅಧಿಕಾರಿ